ಒರಗಿ ತುಳಿಯೋದಾ, ನೆಟ್ಟಗೆ ಕೂತು ತುಳಿಯೋದಾ?

ಕಳೆದ ಭಾನುವಾರ ಬೆಳಿಗ್ಗೆ ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಹಿರಿಯರ ಮುಂದೆ ಒಂದು ಗಂಟೆ ಮಾತಾಡಿದ್ದೆ. ಬರಲಾಗದ ಕೆಲವರು ಅದನ್ನೇ ಬರೆದು ಕೊಡಿ ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೂ ಕೇಳುತ್ತಿದೆ ಅಲ್ವಾ? ಸರಿ.

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಐವತ್ತು ದಾಟಿದವರು. ಮಂಡಿ ನೋವಿನವರು, ಸೊಂಟ ಹಿಡಿದುಕೊಂಡವರು, ಶುಗರ್ ಇರುವವರು, ಮಂಡಿ ಆಪರೇಷನ್ ಮುಗಿಸಿ ಬಂದವರು. ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ: ಮನೆಗೆ ಎಕ್ಸರ್‌ಸೈಜ್ ಸೈಕಲ್ ತರೋಣ ಅಂತಿದ್ದೀವಿ, ಅಪ್‌ರೈಟ್ ತಗೊಳ್ಳೋದಾ, ರಿಕಂಬೆಂಟ್ ತಗೊಳ್ಳೋದಾ? ಇವತ್ತು ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳುತ್ತೇನೆ, ಯಾಕೆಂದರೆ ಒಮ್ಮೆ ನಮ್ಮ ಮನೆಯಲ್ಲೇ ನಾನು ಇದಕ್ಕೆ ತಪ್ಪು ಉತ್ತರ ಕೊಟ್ಟಿದ್ದೇನೆ.

ಮೊದಲು ಇವೆರಡು ಏನು ಅಂತ ನೋಡೋಣ. ನೀವೆಲ್ಲ ಕಾಲೇಜಿಗೆ, ಕಚೇರಿಗೆ ತುಳಿದ ಅಟ್ಲಾಸ್ ಸೈಕಲ್ಲೋ ಹೀರೋ ಸೈಕಲ್ಲೋ ನೆನಪಿದೆಯಲ್ಲ, ಅದರ ಚಕ್ರ ಕಳಚಿ ನೆಲಕ್ಕೆ ನಿಲ್ಲಿಸಿದರೆ ಅಪ್‌ರೈಟ್. ಸಣ್ಣ ಸೀಟು, ಪೆಡಲ್ ಸೀಟಿನ ಕೆಳಗೆ, ಹ್ಯಾಂಡಲ್ ಮುಂದೆ. ರಿಕಂಬೆಂಟ್ ಅಂದರೆ ಕುರ್ಚಿ. ಅಗಲವಾದ ಸೀಟು, ಬೆನ್ನಿಗೆ ಆಸರೆ, ಪೆಡಲ್ ಮುಂದೆ ಇರುತ್ತದೆ, ಕಾಲು ಚಾಚಿ ತುಳಿಯಬೇಕು. ಹಿಡಿಕೆ ಸೀಟಿನ ಎರಡೂ ಪಕ್ಕ. ಜಿಮ್‌ನಲ್ಲಿ ಹುಡುಗರು ಹಾಡು ಹಾಕಿಕೊಂಡು ಬಗ್ಗಿ ಜೋರಾಗಿ ತುಳಿಯುವ ಸ್ಪಿನ್ ಬೈಕ್ ಬೇರೆಯೇ. ಅದರ ಮಾತು ಇವತ್ತು ಬೇಡ.

ನಮ್ಮ ಅಮ್ಮನಿಗೆ 66 ಆಗಿದ್ದಾಗ ಶುಗರ್ ಜಾಸ್ತಿ ಆಯಿತು. ದಿನಾ ನಡೆಯಿರಿ ಅಂದರು ಡಾಕ್ಟರು. ಮಳೆಗಾಲ, ಫುಟ್‌ಪಾತ್ ಸರಿ ಇಲ್ಲ, ಬೀದಿನಾಯಿಗಳ ಭಯ ಬೇರೆ. ನಾನು ಒಂದು ಅಪ್‌ರೈಟ್ ಸೈಕಲ್ ತಂದು ಹಾಲ್‌ನಲ್ಲಿ ಇಟ್ಟೆ. ಜಾಗ ಕಡಿಮೆ ಸಾಕು, ದುಡ್ಡೂ ಕಡಿಮೆ, ವ್ಯಾಯಾಮ ಚೆನ್ನಾಗಿ ಆಗುತ್ತದೆ ಅಂತ ನನ್ನ ಲೆಕ್ಕ. ಅಮ್ಮ ಮೊದಲ ದಿನ 7 ನಿಮಿಷ ತುಳಿದು ನಿಲ್ಲಿಸಿದರು. ಸುಸ್ತಾಯ್ತಾ ಅಂದೆ. ಇಲ್ಲ ಕಣೋ, ಕೂತ ಜಾಗ ಉರೀತಿದೆ ಅಂದರು. ಎರಡನೇ ದಿನ 6 ನಿಮಿಷ. ಸೀಟಿಗೆ ಜೆಲ್ ಕವರ್ ತಂದು ಹಾಕಿದೆ. 8 ನಿಮಿಷ ಆಯಿತು. ಒಂದು ದಿನವೂ ಅಮ್ಮನಿಗೆ ಏದುಸಿರು ಬರಲಿಲ್ಲ, ಹಣೆಯಲ್ಲಿ ಬೆವರು ಕಾಣಲಿಲ್ಲ, ತೊಡೆ ದಣಿಯಲಿಲ್ಲ. ಅವರ ಎದೆ, ಕಾಲು ಇನ್ನೂ ಅರ್ಧ ಗಂಟೆ ತುಳಿಯಲು ತಯಾರಾಗಿದ್ದವು. ಕೂತ ಜಾಗ ಬಿಡಲಿಲ್ಲ. ಮೂರು ವಾರಕ್ಕೆ ಸೈಕಲ್ ಮೂಲೆ ಸೇರಿತು.

ಅವತ್ತಿನಿಂದ ಯಾರು ಸೈಕಲ್ ವಿಚಾರ ಕೇಳಿದರೂ ನಾನು ಮೊದಲು ಕೇಳುವುದು ಒಂದೇ. ತುಳಿಯುವಾಗ ನಿಮ್ಮ ಮೈಯಲ್ಲಿ ಮೊದಲು ಸೋಲುವುದು ಯಾವುದು? ಉಸಿರಾ, ತೊಡೆಯಾ, ಮಂಡಿಯಾ, ಸೊಂಟವಾ, ಕೂತ ಜಾಗವಾ? ಉಸಿರು ಅಥವಾ ತೊಡೆ ಮೊದಲು ಸೋತರೆ ಸೈಕಲ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಬೇರೆ ಏನಾದರೂ ಮೊದಲು ಸೋತರೆ ಎದೆಗೆ ಸಿಗಬೇಕಾದ ಕೆಲಸ ಸಿಗುವ ಮೊದಲೇ ನೀವು ಇಳಿದುಬಿಡುತ್ತೀರಿ. ಯಾವ ಸೈಕಲ್ ಒಳ್ಳೆಯದು ಅನ್ನುವ ಪ್ರಶ್ನೆಗೆ ಇದನ್ನು ಬಿಟ್ಟು ಉತ್ತರ ಇಲ್ಲ.

ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಮೈಭಾರ ಎಲ್ಲಿ ಕೂರುತ್ತದೆ ಅನ್ನುವುದು. ನಮ್ಮ ಕೆಳಗೆ ಎರಡು ಮೂಳೆಗಳಿವೆ. ಮದುವೆ ಊಟಕ್ಕೆ ಬರಿ ನೆಲದ ಮೇಲೆ ಪಂಕ್ತಿಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಒತ್ತುತ್ತವಲ್ಲ, ಅವೇ. ಅಪ್‌ರೈಟ್‌ನಲ್ಲಿ ಹೆಚ್ಚುಕಡಿಮೆ ಇಡೀ ಭಾರ ಆ ಎರಡು ಮೂಳೆಗಳ ಮೇಲೆ ಮತ್ತು ಅವುಗಳ ನಡುವಿನ ಮೆತ್ತನೆ ಜಾಗದ ಮೇಲೆ ಬೀಳುತ್ತದೆ. ಸ್ವಲ್ಪ ಅಂಗೈಗೂ ಹೋಗುತ್ತದೆ. ಸೀಟು ಕಿರಿದಾಗಿರುವುದು ತೊಡೆ ಉಜ್ಜದೆ ಆಡಲಿ ಅಂತ, ಆದರೆ ಅದಕ್ಕೆ ಬೆಲೆ ತೆರುವುದು ಕೂತ ಜಾಗ. ಗಂಡಸರಿಗೆ ಮುಂಭಾಗದಲ್ಲಿ ಜೋಮು ಹಿಡಿಯುವುದು, ಹೆಂಗಸರಿಗೆ ಉರಿ ಬರುವುದು ಇದರಿಂದಲೇ. ನಾಚಿಕೆಯಿಂದ ಯಾರೂ ಹೇಳಿಕೊಳ್ಳುವುದಿಲ್ಲ. ಸೈಕಲ್ ಯಾಕೋ ಆಗಿಬರಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಹೇಳಿಕೊಳ್ಳಿ. ಜೋಮು ಹಿಡಿದರೆ ಇಳಿಯಿರಿ, ತಡೆದುಕೊಂಡು ತುಳಿಯಬೇಡಿ.

ರಿಕಂಬೆಂಟ್‌ನಲ್ಲಿ ಅದೇ ಭಾರ ಅಗಲವಾದ ಸೀಟಿಗೆ, ತೊಡೆಯ ಹಿಂಭಾಗಕ್ಕೆ, ಬೆನ್ನಿಗೆ ಹಂಚಿಹೋಗುತ್ತದೆ. ಕೈಗೆ ಏನೂ ಕೆಲಸ ಇಲ್ಲ. ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾನಿಗಳು ದಿನಾ ವ್ಯಾಯಾಮ ಮಾಡುತ್ತಾರೆ, ಅಲ್ಲೂ ಒಂದು ಸೈಕಲ್ ಇದೆ. ಅದಕ್ಕೆ ಸೀಟೇ ಇಲ್ಲ. ಶೂವನ್ನು ಪೆಡಲ್‌ಗೆ ಸಿಕ್ಕಿಸಿ ತುಳಿಯುತ್ತಾರೆ, ಅಷ್ಟೇ. ಅಲ್ಲಿ ಮೈಗೆ ಭಾರ ಅನ್ನಿಸುವುದಿಲ್ಲ, ಹಾಗಾಗಿ ಸೀಟು ಬೇಕಿಲ್ಲ. ನಮ್ಮ ಮನೆಯಲ್ಲಿ ಭಾರ ಇದೆ. ಆ ಭಾರವನ್ನು ಎಲ್ಲಿ ಇಳಿಸಬೇಕು ಅಂತ ನಾವು ಆರಿಸಬೇಕು.

ಇಲ್ಲಿ ಒಂದು ಮಾತು ಬರುತ್ತದೆ. ಒರಗಿ ತುಳಿಯುವುದು ರೋಗಿಗಳಿಗೆ, ಗಟ್ಟಿಮುಟ್ಟಾಗಿರುವವರಿಗೆ ಅಲ್ಲ ಅಂತ. ನಿವೃತ್ತಿ ಆದ ಗಂಡಸರು ಇದನ್ನು ಜಾಸ್ತಿ ಹೇಳುತ್ತಾರೆ. ಅವರಿಗೆ ನಾನು 1933ರ ಕಥೆ ಹೇಳುತ್ತೇನೆ.

ಸೈಕಲ್ ರೇಸ್‌ನವರಿಗೆ ಒಂದು ದೊಡ್ಡ ದಾಖಲೆ ಇದೆ. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯುತ್ತೀರಿ ಅನ್ನುವುದು. 1914ರಲ್ಲಿ ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ 44.247 ಕಿಲೋಮೀಟರ್ ತುಳಿದಿದ್ದರು. ಹತ್ತೊಂಬತ್ತು ವರ್ಷ ಅದನ್ನು ಯಾರೂ ಮುರಿಯಲಿಲ್ಲ. ಆಗ ಫ್ರಾನ್ಸ್‌ನ ಚಾರ್ಲ್ಸ್ ಮೋಶೆ ಅನ್ನುವವರು ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ ಕಟ್ಟಿದ್ದರು. 1933ರ ಜುಲೈ 7ರಂದು ಫ್ರಾನ್ಸಿಸ್ ಫೋರ್ ಅದನ್ನು ಪ್ಯಾರಿಸ್‌ನಲ್ಲಿ ತುಳಿದರು. ಅವರು ಮೊದಲ ಸಾಲಿನ ಸವಾರರೇನೂ ಅಲ್ಲ. ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಹೋದರು. ಮರುವರ್ಷ, 1934ರಲ್ಲಿ, ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಸೈಕಲ್ ಅಂದರೆ ಹೀಗೇ ಇರಬೇಕು ಅಂತ ಹೊಸ ನಿಯಮ ಬರೆದು ಒರಗುವ ಸೈಕಲ್ಲನ್ನು ರೇಸಿನಿಂದ ಹೊರಗಿಟ್ಟಿತು. ನಿಧಾನ ಅಂತ ಹೊರಗಿಟ್ಟಿದ್ದಲ್ಲ. ನನಗೆ ಈಗಲೂ ಆ ತೀರ್ಮಾನ ಸರಿ ಅನ್ನಿಸುವುದಿಲ್ಲ. ಒರಗುವ ಸೈಕಲ್ ಅಂದರೆ ಕೈಲಾಗದವರದು ಅನ್ನುವ ಭಾವನೆ ಬೆಳೆಯಲು ಅದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಆದರೆ ಈ ಕಥೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಫೋರ್ ಗೆದ್ದಿದ್ದು ಗಾಳಿಯಿಂದ. ಒರಗಿದರೆ ಎದುರುಗಾಳಿಗೆ ಮೈ ಕಡಿಮೆ ಸಿಗುತ್ತದೆ. ನಮ್ಮ ಹಾಲ್‌ನಲ್ಲಿ ಎದುರುಗಾಳಿ ಎಲ್ಲಿದೆ? ಆ ಲಾಭ ಮನೆಯೊಳಗೆ ಇಲ್ಲ. ಉಳಿಯುವುದು ಇಷ್ಟು: ಒರಗಿ ಕೂತ ಕಾಲಿಗೂ ಒಳ್ಳೆಯ ಬಲ ಇದೆ. ಗೋಡೆಗೆ ಬೆನ್ನು ಕೊಟ್ಟು ಕೂತು ಕಾಲಿನಿಂದ ಬೀರು ತಳ್ಳಿದ್ದೀರಾ? ಬೆನ್ನಿಗೆ ಆಸರೆ ಸಿಕ್ಕಾಗ ಕಾಲು ಎಷ್ಟು ಜೋರಾಗಿ ಒದೆಯುತ್ತದೆ ನೋಡಿ. ಗಾಳಿಯ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ, ಯಾವ ಸೈಕಲ್ ಆದರೂ ಫ್ಯಾನ್ ಕೆಳಗೋ ಮುಂದೋ ಇಟ್ಟುಕೊಳ್ಳಿ. ರಸ್ತೆಯಲ್ಲಿ ತುಳಿದರೆ ಗಾಳಿ ಬಂದು ಬೆವರು ಆರುತ್ತದೆ. ಮನೆಯೊಳಗೆ ಆರುವುದಿಲ್ಲ, ಬೇಗ ಬೇಯುತ್ತೀರಿ.

ಹಾಗಾದರೆ ಕೆಲಸ ಯಾವುದರಲ್ಲಿ ಜಾಸ್ತಿ? ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುತ್ತಾರೆ. 100 ವಾಟ್ ಅಂದರೆ 100 ವಾಟ್, ಕೂತು ತುಳಿದರೂ ಒರಗಿ ತುಳಿದರೂ. ಆದರೆ ಎದೆಬಡಿತದಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. ನೆಟ್ಟಗೆ ಕೂತಾಗ ಕಾಲಿನ ರಕ್ತ ಕೆಳಗಿನಿಂದ ಎದೆಯವರೆಗೆ ಹತ್ತಿ ಬರಬೇಕು. ಕಾಲು ಮುಂದಕ್ಕೆ ಮೇಲಕ್ಕೆ ಬಂದಷ್ಟೂ ಆ ದಾರಿ ಸುಲಭ. ಒಂದೊಂದು ಬಡಿತಕ್ಕೂ ಎದೆ ಜಾಸ್ತಿ ರಕ್ತ ದೂಡುತ್ತದೆ, ಹಾಗಾಗಿ ಅದೇ ಕೆಲಸಕ್ಕೆ ಬಡಿತ ಕಡಿಮೆ ಇರಬಹುದು. ಇದರಿಂದ ನಿಮಗೆ ತಿಳಿಯಬೇಕಾದದ್ದು ಒಂದೇ: ಪಕ್ಕದ ಮನೆಯವರು ಅಪ್‌ರೈಟ್‌ನಲ್ಲಿ 120 ಬಡಿತ ತಂದರು, ನನಗೆ ರಿಕಂಬೆಂಟ್‌ನಲ್ಲಿ 110 ಬಂತು ಅಂತ ಹೋಲಿಸಬೇಡಿ. ಇನ್ನು ಪೂರ್ತಿ ಶಕ್ತಿ ಹಾಕಿ ತುಳಿಯುವ ಮಾತಾದರೆ ಅಪ್‌ರೈಟ್ ಮುಂದೆ. ಅಲ್ಲಿ ಮೈಭಾರವನ್ನೂ ಪೆಡಲ್ ಮೇಲೆ ಹಾಕಬಹುದು, ಬೆನ್ನು, ಹೊಟ್ಟೆಯ ಸ್ನಾಯುಗಳೂ ಮೈಯನ್ನು ನೆಟ್ಟಗೆ ಹಿಡಿಯಲು ದುಡಿಯುತ್ತವೆ. ನಿಮ್ಮ ಸೊಂಟ, ಮಂಡಿ, ಕೂತ ಜಾಗ ಎಲ್ಲ ಚೆನ್ನಾಗಿದ್ದು ಉಸಿರೊಂದೇ ಸೋಲುತ್ತಿದ್ದರೆ ಅಪ್‌ರೈಟ್ ತಗೊಳ್ಳಿ, ಜಾಸ್ತಿ ದುಡ್ಡು ಹಾಕಬೇಡಿ.

ರಿಕಂಬೆಂಟ್‌ನ ದೊಡ್ಡ ಅಪಾಯ ಅದರ ಸುಖವೇ. ಆರಾಮಾಗಿ ಒರಗಿ, ಟಿವಿ ಹಾಕಿ, ಕಾಲು ಸುಮ್ನೆ ತಿರುಗುತ್ತಿರುತ್ತದೆ. ಅರ್ಧ ಗಂಟೆ ಆಯಿತು ಅಂತ ಇಳಿಯುತ್ತೀರಿ, ಮೈ ಬಿಸಿಯೂ ಆಗಿರುವುದಿಲ್ಲ. ಅದಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. ತುಳಿಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ದೇವರನಾಮ ಸರಾಗವಾಗಿ ಬಂದರೆ ಪೆಡಲ್‌ನ ಬಿಗಿ ಸಾಲದು, ಒಂದು ಮಟ್ಟ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಅಂತ ಹೇಳುವುದು ಈ ಮಟ್ಟದ ಕೆಲಸವನ್ನು. ಬಿಪಿಗೆ, ಎದೆಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಂತೂ ಈ ಮಾತಿನ ಅಳತೆಯನ್ನೇ ನಂಬಬೇಕು. ಆ ಮಾತ್ರೆ ಎದೆಬಡಿತ ಏರದಂತೆ ತಡೆಯುತ್ತದೆ, ಮೀಟರಿನಲ್ಲಿ ಬಡಿತ ಬರಲಿಲ್ಲ ಅಂತ ಇನ್ನೂ ಇನ್ನೂ ಜೋರಾಗಿ ತುಳಿದರೆ ತೊಂದರೆ.

ಈಗ ಸೊಂಟಕ್ಕೆ ಬರೋಣ. ಇಲ್ಲೇ ಜಾಸ್ತಿ ಜನ ಎಡವುವುದು. ಸೊಂಟ ನೋವು ಅಂದ ಕೂಡಲೆ ಅಂಗಡಿಯವರು ರಿಕಂಬೆಂಟ್ ತೋರಿಸುತ್ತಾರೆ. ಅರ್ಧ ಸರಿ. ನೆಟ್ಟಗೆ ಕೂತು ಸ್ವಲ್ಪ ಹೊತ್ತಿಗೆ ಬೆನ್ನು ದಣಿಯುವವರಿಗೆ ಆಸರೆ ಇರುವ ಸೀಟು ನಿಜವಾಗಿ ಒಳ್ಳೆಯದು. ಆದರೆ ಸ್ಟೆನೋಸಿಸ್ ಇರುವವರು ಬೇರೆ. ಬೆನ್ನುಮೂಳೆಯೊಳಗೆ ನರದ ದಾರಿ ಕಿರಿದಾಗಿರುತ್ತದೆ ಅವರಿಗೆ. ನಾಲ್ಕು ಹೆಜ್ಜೆ ನಡೆದರೆ ಕಾಲು ಭಾರ ಆಗುತ್ತದೆ, ಜೋಮು ಬರುತ್ತದೆ, ಎಲ್ಲಾದರೂ ಕಟ್ಟೆ ಸಿಕ್ಕಿದರೆ ಕೂತುಬಿಡೋಣ ಅನ್ನಿಸುತ್ತದೆ. ಮುಂದೆ ಬಗ್ಗಿದರೆ ಆರಾಮ. ಇಂಥವರಲ್ಲಿ ಎಷ್ಟೋ ಜನ ನೂರು ಮೀಟರ್ ನಡೆಯಲಾರರು, ಆದರೆ ಅಪ್‌ರೈಟ್ ಸೈಕಲ್‌ನಲ್ಲಿ ಸ್ವಲ್ಪ ಮುಂದೆ ಬಾಗಿ ಇಪ್ಪತ್ತು ನಿಮಿಷ ತುಳಿಯುತ್ತಾರೆ. ಬಗ್ಗಿದಾಗ ನರಕ್ಕೆ ಜಾಗ ಸಿಗುತ್ತದೆ, ಅದಕ್ಕೆ. ಡಿಸ್ಕ್ ತೊಂದರೆ ಇದ್ದು ಬಗ್ಗಿದರೆ ಕಾಲಿಗೆ ಎಳೆತ ಬರುವವರಿಗೆ ಇದು ಉಲ್ಟಾ. ಹಾಗಾಗಿ ಸೊಂಟ ನೋವು ಅನ್ನುವ ಒಂದು ಮಾತಿಗೆ ಸೈಕಲ್ ಆರಿಸಬೇಡಿ. ಬಗ್ಗಿದರೆ ಆರಾಮವಾ, ಹಿಂದಕ್ಕೆ ಒರಗಿದರೆ ಆರಾಮವಾ, ಮೊದಲು ನೋಡಿಕೊಳ್ಳಿ.

ಇನ್ನೊಂದು. ರಿಕಂಬೆಂಟ್ ಸೀಟನ್ನು ತೀರಾ ಹಿಂದೆ ಸರಿಸಿದರೆ ಪೆಡಲ್ ಎಟುಕದೆ ಸೊಂಟ ಮುಂದಕ್ಕೆ ಜಾರುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಆಮೇಲೆ ಬೆನ್ನಿಗೆ ಆಸರೆ ಇದ್ದೂ ಇಲ್ಲದ ಹಾಗೆ. ಕೂತಾಗ ಸೊಂಟದ ಹಿಂಭಾಗ ಆಸರೆಗೆ ತಾಗಿರಬೇಕು.

ಮಂಡಿ ವಿಷಯದಲ್ಲಿ ನಾನು ನೇರವಾಗಿ ಹೇಳುತ್ತೇನೆ: ಯಾವ ಸೈಕಲ್ ಅನ್ನುವುದಕ್ಕಿಂತ ಸೀಟು ಎಲ್ಲಿದೆ ಅನ್ನುವುದು ದೊಡ್ಡದು. ಸೀಟು ತಗ್ಗಿದ್ದರೆ, ರಿಕಂಬೆಂಟ್‌ನಲ್ಲಾದರೆ ತೀರಾ ಮುಂದಿದ್ದರೆ, ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚುತ್ತದೆ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಸೈಕಲ್ ತುಳಿದು ಮಂಡಿ ನೋವು ಬಂತು ಅಂತ ಬರುವವರ ಸೀಟು ನೋಡಿದರೆ ಎಷ್ಟೋ ಸಲ ತಗ್ಗಿನಲ್ಲೇ ಇರುತ್ತದೆ. ಕಾಲು ನೆಲಕ್ಕೆ ಎಟುಕಲಿ ಅನ್ನುವ ಭಯಕ್ಕೆ ಹಾಗೆ ಇಟ್ಟಿರುತ್ತಾರೆ. ಸರಿ ಮಾಡುವುದು ಸುಲಭ. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲೆ ಇಡಿ. ಪೆಡಲ್ ಅತಿ ದೂರ ಹೋದಾಗ ಕಾಲು ನೆಟ್ಟಗಾಗಬೇಕು, ಸೊಂಟ ಆ ಕಡೆ ಈ ಕಡೆ ವಾಲಬಾರದು. ಆಮೇಲೆ ಮುಂಗಾಲಿನಿಂದ ತುಳಿಯಿರಿ. ಆಗ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ. ಅಷ್ಟೇ ಬೇಕಾದದ್ದು. ಎರಡೂ ಸೈಕಲ್‌ಗೆ ಇದೇ ಅಳತೆ. ಗಂಡ ಹೆಂಡತಿ ಇಬ್ಬರೂ ತುಳಿಯುವ ಮನೆಯಲ್ಲಿ ಇಬ್ಬರ ಗುರುತನ್ನೂ ಪೆನ್ನಿನಿಂದ ಕಂಬದ ಮೇಲೆ ಹಾಕಿಡಿ.

ಮಂಡಿ ಬದಲಿಸುವ ಆಪರೇಷನ್ ಆದವರಿಗೆ ಒಂದು ಮಾತು. ಪೂರ್ತಿ ಸುತ್ತು ತಿರುಗಬೇಕಾದರೆ ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಅಷ್ಟು ಬಂದಿಲ್ಲ ಅಂದರೆ ಬಲವಂತ ಬೇಡ. ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ತೂಗಿ, ದಿನ ಕಳೆದ ಹಾಗೆ ಒಂದು ದಿನ ಸುತ್ತು ಪೂರ್ತಿ ಆಗುತ್ತದೆ. ರಿಕಂಬೆಂಟ್‌ನಲ್ಲಿ ಸೀಟನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಸರಿಸಲು ಆಗುವುದರಿಂದ ಇವರಿಗೆ ನಾನು ಅದನ್ನೇ ಹೇಳುತ್ತೇನೆ. ಎಂದಿನಿಂದ ಶುರು ಮಾಡಬೇಕು ಅಂತ ಮಾತ್ರ ನಿಮ್ಮ ಸರ್ಜನ್ ಹೇಳಬೇಕು.

ಹತ್ತಿ ಇಳಿಯುವುದೂ ಒಂದು ದೊಡ್ಡ ವಿಷಯ. ಅಪ್‌ರೈಟ್‌ಗೆ ಕಾಲು ಎತ್ತಿ ದಾಟಿಸಬೇಕು, ಒಂದು ಕ್ಷಣ ಒಂಟಿ ಕಾಲಲ್ಲಿ ನಿಲ್ಲಬೇಕು. ಆಯ ತಪ್ಪುವವರು, ಪಾದದಲ್ಲಿ ಸ್ಪರ್ಶ ಕಡಿಮೆ ಆಗಿರುವ ಶುಗರ್‌ನವರು ಬೀಳುವುದು ಇಲ್ಲೇ. ತುಳಿಯುವಾಗ ಅಲ್ಲ, ಇಳಿಯುವಾಗ. ರಿಕಂಬೆಂಟ್‌ಗೆ ಕುರ್ಚಿಗೆ ಕೂರುವ ಹಾಗೆ ಕೂತರೆ ಆಯಿತು. ಇನ್ನು, ಜೋರಾಗಿ ತುಳಿದು ಥಟ್ ಅಂತ ನಿಲ್ಲಿಸಿ ಇಳಿದರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುತ್ತದೆ. ಕೊನೆಯ ಐದು ನಿಮಿಷ ಹಗುರವಾಗಿ ತುಳಿದು ಇಳಿಯಿರಿ.

ಕೊಳ್ಳುವ ಮಾತು ಬೇಗ ಮುಗಿಸುತ್ತೇನೆ. ರಿಕಂಬೆಂಟ್‌ಗೆ ಉದ್ದಕ್ಕೆ ಸುಮಾರು ಐದು ಅಡಿ ಜಾಗ ಬೇಕು, ಬೆಲೆಯೂ ಜಾಸ್ತಿ. ಆಯಸ್ಕಾಂತದಿಂದ ಬಿಗಿ ಮಾಡುವುದನ್ನೇ ತಗೊಳ್ಳಿ. ಅದು ಒಳಗೆ ತಿರುಗುವ ಚಕ್ರಕ್ಕೆ ತಾಗುವುದೇ ಇಲ್ಲ, ಸವೆಯುವುದಿಲ್ಲ, ಸದ್ದೂ ಇಲ್ಲ. ಮೀಟರಿನ ಕ್ಯಾಲೊರಿ ನಂಬಬೇಡಿ. ಗುಂಡಿ ತಿರುಗಿಸಿ ಬಿಗಿ ಮಾಡುವ ಅಗ್ಗದ ಸೈಕಲ್‌ಗಳ ಮೀಟರಿಗೆ ನೀವು ಎಷ್ಟು ಬಿಗಿ ಇಟ್ಟಿದ್ದೀರಿ ಅಂತಲೇ ಗೊತ್ತಿರುವುದಿಲ್ಲ, ಸುತ್ತು ಮಾತ್ರ ಎಣಿಸುತ್ತದೆ. ಮನೆಯಲ್ಲಿ ಜೋಡಿಸುವಾಗ ಒಂದು ಎಚ್ಚರ: ಎಡಗಡೆ ಪೆಡಲ್‌ನ ಮರೆ, ಅಂದರೆ ತಿರುಪಿನ ಗೆರೆ, ಉಲ್ಟಾ ಇರುತ್ತದೆ. ಬಲದ್ದನ್ನು ಬಿಗಿ ಮಾಡಿದ ಹಾಗೆ ಎಡದ್ದನ್ನೂ ತಿರುಗಿಸಿ ಮರೆ ಹಾಳು ಮಾಡಿಕೊಂಡ ಮನೆಗಳನ್ನು ನೋಡಿದ್ದೇನೆ.

ಪ್ರಶ್ನೆಗಳು ಆಮೇಲೆ ಬಂದವು.

ಒಬ್ಬ ಮೇಷ್ಟ್ರು ಕೇಳಿದರು: ಸೈಕಲ್ ತುಳಿದರೆ ನಡಿಗೆ ಬಿಡಬಹುದಾ? ಬಿಡಬೇಡಿ ಸಾರ್. ಮೂಳೆ ಗಟ್ಟಿ ಇರಬೇಕಾದರೆ ಅದರ ಮೇಲೆ ನಮ್ಮ ಭಾರ ಬೀಳಬೇಕು. ಸೈಕಲ್ ಎರಡೂ ಬಗೆಯದು ಭಾರವನ್ನು ಸೀಟಿಗೆ ಕೊಟ್ಟುಬಿಡುತ್ತದೆ. ಎದೆಗೆ, ಶುಗರ್‌ಗೆ ಒಳ್ಳೆಯದು, ಮೂಳೆಗೆ ಸಾಲದು. ಆಗುವಷ್ಟು ನಡೆಯಿರಿ.

ಇನ್ಸುಲಿನ್ ತಗೊಳ್ಳುವವರು ಏನು ಮಾಡಬೇಕು ಅಂತ ಒಬ್ಬರು. ಖಾಲಿ ಹೊಟ್ಟೆಯಲ್ಲಿ ತುಳಿಯಬೇಡಿ, ಕೈಗೆಟುಕುವ ಕಡೆ ಸಕ್ಕರೆಯೋ ಬೆಲ್ಲವೋ ಇಟ್ಟುಕೊಳ್ಳಿ, ಕೈ ನಡುಗಿದರೆ, ತಣ್ಣನೆ ಬೆವರು ಬಂದರೆ ನಿಲ್ಲಿಸಿ ತಿನ್ನಿ. ಬರಿಗಾಲಲ್ಲಿ ಬೇಡ, ಶೂ ಹಾಕಿ, ಆಮೇಲೆ ಪಾದ ನೋಡಿಕೊಳ್ಳಿ.

ಕುರ್ಚಿ ಮುಂದೆ ಇಟ್ಟು ತುಳಿಯುವ ಸಣ್ಣ ಪೆಡಲ್ ಸಾಕಾ ಅಂತ ಇನ್ನೊಬ್ಬರು. ಶುರುವಿಗೆ ಸಾಕು. ಅದು ಬಡವರ ರಿಕಂಬೆಂಟ್. ಟೈಲ್ಸ್ ಮೇಲೆ ಜಾರುತ್ತದೆ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಕುರ್ಚಿಯನ್ನು ಗೋಡೆಗೆ ಒತ್ತಿಸಿ.

ಮುಂದಿನ ಸಾಲಿನ ಒಬ್ಬ ತಾಯಿ ಸೀರೆಯಲ್ಲಿ ತುಳಿಯಬಹುದಾ ಅಂದರು. ಅಮ್ಮ, ಚೂಡಿದಾರ್ ಒಳ್ಳೆಯದು, ದುಪಟ್ಟಾ ತೆಗೆದಿಡಿ. ಸೀರೆಯೇ ಆದರೆ ನೆರಿಗೆಯನ್ನು ಎತ್ತಿ ಬಿಗಿಯಾಗಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಸುತ್ತಿ, ತಿರುಗುವ ಭಾಗಕ್ಕೆ ಎಲ್ಲೂ ಬಟ್ಟೆ ತಾಗಬಾರದು. ಅಪ್‌ರೈಟ್‌ಗಂತೂ ಸೀರೆಯಲ್ಲಿ ಹತ್ತಬೇಡಿ.

ಅವರೇ ಮತ್ತೆ ಕೇಳಿದರು: ನಿಮ್ಮ ತಾಯಿ ಈಗ ತುಳೀತಾರಾ? ತುಳಿಯುತ್ತಾರೆ. ಮರುವರ್ಷ ರಿಕಂಬೆಂಟ್ ತಂದೆವು, ಹಳೆಯದು ತಮ್ಮನ ಮನೆಗೆ ಹೋಯಿತು. ಎರಡನೇ ಮಟ್ಟದಲ್ಲಿ ಶುರು ಮಾಡಿದವರು ಈಗ ಐದರಲ್ಲಿದ್ದಾರೆ. ಬೆಳಿಗ್ಗೆ ಕಾಫಿ ಆದ ಮೇಲೆ 25 ನಿಮಿಷ. ಹೋದ ವಾರ ಯಾಕಮ್ಮ ನಿಲ್ಲಿಸಿದೆ ಅಂತ ಕೇಳಿದೆ. ಉಸಿರು ಹತ್ತಿತು ಕಣೋ ಅಂದರು.